ಒಂದು ಚರಣದ ಸಂಗೀತ

ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲರೂ ಸಂಗೀತ ಕಲಿತವರು. ಕೇಳಿದವರು ಸುಮ್ಮನೆ ಹೊಟ್ಟೆಕಿಚ್ಚು ಪಡಬಾರದಲ್ಲ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ನಾವು ಕಲಿತದ್ದು ಒಂದೇ ಒಂದು ದೇವರನಾಮ, ಅದರಲ್ಲೂ ಪಲ್ಲವಿ ಮತ್ತು ಮೊದಲ ಚರಣ. ಕೊಳ್ಳೇಗಾಲದ ನೇಕಾರರ ಮನೆಗಳಲ್ಲಿ ಆಗ ಸಂಗೀತವೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಬೇಕಾದ ಸಾಮಾನು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ, ಹಾಡು. ಗಂಡಿನ ಕಡೆಯವರು ಚಾಪೆಯ ಮೇಲೆ ಕೂತು, ಉಪ್ಪಿಟ್ಟು ತಿಂದು, ಕೈ ತೊಳೆದ ಮೇಲೆ “ಕೂಸ್ಗೆ ಹಾಡ್ ಬತ್ತದಾ?” ಎಂದು ಕೇಳುವರು. ಹುಡುಗಿ ತಲೆ ತಗ್ಗಿಸಿ ಶುರು ಮಾಡುವಳು. ಮೊದಲ ಚರಣ ಮುಗಿಯುತ್ತಲೇ ಯಾರಾದರೊಬ್ಬ ಹಿರಿಯರು “ಸಾಕು ಬುಡವ್ವ” ಎನ್ನುವರು. ಹಾಗೆ ಅನ್ನಲೇಬೇಕು, ಅನ್ನದಿದ್ದರೆ ಹುಡುಗಿಯ ಮೇಲೆ ದಯೆ ಇಲ್ಲದ ಜನ ಎಂದು ಹೆಸರು ಬರುತ್ತಿತ್ತು. ಹೇಗೂ ನಿಲ್ಲಿಸುತ್ತಾರೆ ಎಂದ ಮೇಲೆ ಮುಂದಿನದನ್ನು ಕಲಿಸುವುದು ದಂಡವೆಂದು ನಮ್ಮ ಹಿರಿಯರು ತೀರ್ಮಾನ ಮಾಡಿಕೊಂಡಿದ್ದರು.

ಆ ಹಿರಿಯರಿಗೆ ಮರೆತುಹೋದರೆ? ಅದಕ್ಕೂ ಏರ್ಪಾಡಿತ್ತು. ಹೆಣ್ಣಿನ ಕಡೆಯಿಂದಲೇ ಒಬ್ಬ ಮಾವನನ್ನು ಬಾಗಿಲ ಹತ್ತಿರ ಕೂರಿಸುತ್ತಿದ್ದರು. ಚರಣ ಮುಗಿದು ಎರಡು ಉಸಿರಿನೊಳಗೆ ಯಾರೂ ಬಾಯಿ ಬಿಡದಿದ್ದರೆ ಅವನು ಕೆಮ್ಮಿ, “ಸಾಕು ಸಾಕು, ಕೂಸ್ಗೆ ಆಯಾಸ ಆಯ್ತದೆ” ಎನ್ನಬೇಕು. ನಮ್ಮ ಮನೆಯಲ್ಲಿ ಈ ಹುದ್ದೆ ಅಮ್ಮನ ಅಣ್ಣನದು. ಜೀವನದಲ್ಲಿ ಬೇರೆ ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದ ಮನುಷ್ಯ, ಇದರಲ್ಲಿ ಮಾತ್ರ ಒಂದು ಸಲವೂ ತಪ್ಪಿರಲಿಲ್ಲ. ಅಕ್ಕಂದಿರ ಹಾಡುಗಳನ್ನೆಲ್ಲ ಅವನೇ ನಿಲ್ಲಿಸಿ ಗಂಡನ ಮನೆಗೆ ಕಳಿಸಿದ್ದ.

ಹಾಡು ಕಲಿಸಲು ಯಳಂದೂರಿನಿಂದ ಮಂಗಳವಾರ, ಶುಕ್ರವಾರ ಬೆಳಗಿನ ಬಸ್ಸಿಗೆ ಮೇಷ್ಟ್ರು ಬರುತ್ತಿದ್ದರು. ಐವತ್ತಾರರವರೆಗೆ ಕೊಳ್ಳೇಗಾಲ ಮದರಾಸಿಗೆ ಸೇರಿದ್ದರಿಂದ ನನ್ನ ಅತ್ತೆಯಂದಿರೆಲ್ಲ ತಮಿಳು ಹಾಡು ಹೇಳಿಯೇ ಮದುವೆಯಾದವರು. ನಾವು ಮೈಸೂರಿಗೆ ಸೇರಿದ ಮೇಲೆ ಆ ಕಡೆಯ ಸಂಬಂಧಗಳು ಬರತೊಡಗಿ, ಕನ್ನಡ ದೇವರನಾಮಕ್ಕೆ ಬೇಡಿಕೆ ಹುಟ್ಟಿತು. ಯಳಂದೂರು ಮೊದಲಿನಿಂದಲೂ ಮೈಸೂರಿನದು ಎನ್ನುವುದನ್ನು ಮೇಷ್ಟ್ರು ತಮ್ಮ ವಿದ್ಯೆಯ ಭಾಗವೆಂದೇ ತಿಳಿದಿದ್ದರು. “ನಿಮಗೆ ಈಗ ಬಂದಿದೆ ಅಮ್ಮಣ್ಣಿ, ನಮಗೆ ಅದು ರಕ್ತದಲ್ಲೇ ಇದೆ” ಎನ್ನುತ್ತಿದ್ದರು. ಅವರ ತಂದೆಯೂ ಇದೇ ಕಸುಬಿನವರು, ಇದೇ ಹಾಡನ್ನು ಯಳಂದೂರಿನ ಸುತ್ತಮುತ್ತ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆಲ್ಲ ಕಲಿಸಿದ್ದರಂತೆ. ಆರು ಪಾಠದಲ್ಲಿ ಹುಡುಗಿ ತಯಾರು.

ಮೇಷ್ಟ್ರ ಪಾಠದಲ್ಲಿ ಸ್ವರಕ್ಕಿಂತ ನಿಯಮಗಳು ಹೆಚ್ಚು. ಬಾಯಿಯನ್ನು ವೀಳ್ಯದೆಲೆ ಹಿಡಿಸುವುದಕ್ಕಿಂತ ಹೆಚ್ಚು ತೆರೆಯಬಾರದು. ಹಲ್ಲು ಕಾಣಬಾರದು, ಕಂಡರೆ ಎದುರಿಗಿರುವವರು ಎಣಿಸಲು ಶುರು ಮಾಡುತ್ತಾರೆ. ಉಸಿರು ಎಳೆಯುವುದು ಕಾಣಬಾರದು, ಸೀರೆಯ ನೆರಿಗೆ ಅಲುಗಬಾರದು. ಅಂದರೆ ಬಾಯಿ ಮುಚ್ಚಿಕೊಂಡು, ಉಸಿರಾಡದೆ ಹಾಡಬೇಕು. ಅವರ ಬಳಿ ಒಂದು ಹಾರ್ಮೋನಿಯಂ ಇತ್ತು, ಅದರಲ್ಲಿ ಅವರು ಹಿಡಿಯುತ್ತಿದ್ದದ್ದು ಒಂದೇ ಶ್ರುತಿ, ಅವರ ಗಂಟಲಿಗೆ ಹಿತವಾದ ಒಂದು ಕೀಲಿ. ಅದನ್ನೇ ನಾವು ಮೇಲಿನ ಮಟ್ಟದಲ್ಲಿ ಹಿಡಿಯಬೇಕಿತ್ತು. ಹಾಡು ಶುರುವಾಗುವ ಜಾಗವೇ ನಮಗೆ ಏಣಿಯ ನಡುವಿನ ಮೆಟ್ಟಿಲಾದ್ದರಿಂದ ಎಲ್ಲರೂ ಗಂಟಲು ಹಿಡಿದುಕೊಂಡು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿದ್ದೆವು. “ಹಾಂ, ಇದು ಹೆಣ್ಣುಮಕ್ಕಳ ಕಂಠ” ಎಂದು ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು.

ನಾನೂ ಆರು ಪಾಠ ಮುಗಿಸಿ ತಯಾರಾಗಿ ಕೂತಿದ್ದೆ. ಆಗ ನನಗೆ ಹದಿನೇಳು ಇರಬೇಕು. ನಮ್ಮ ಊರಿನ ಪುರಸಭೆಯ ಪಾರ್ಕಿನಲ್ಲಿ ಸಂಜೆ ಒಂದು ಗಂಟೆ ರೇಡಿಯೋ ಹಾಕುತ್ತಿದ್ದರು. ಜರಿಯ ಉಂಡೆ ತರಲು ಹೋದವಳು ಅಲ್ಲಿ ನಮ್ಮ ಹಾಡನ್ನು ಕೇಳಿದೆ. ಯಾರೋ ಹೆಂಗಸು ಹಾಡುತ್ತಿದ್ದಳು. ಮೊದಲ ಚರಣ ಮುಗಿಯಿತು. ಅಭ್ಯಾಸಬಲದಿಂದ ನಾನು ಹೊರಟುಬಿಟ್ಟಿದ್ದೆ. ಆದರೆ ಅವಳು ನಿಲ್ಲಿಸಲಿಲ್ಲ. ಸಾಕು ಎನ್ನಲು ಅಲ್ಲಿ ಯಾವ ಮಾವನೂ ಇರಲಿಲ್ಲವಲ್ಲ. ಎರಡನೆಯ ಚರಣ ಶುರುವಾಗಿ, ರಾಗ ಮೆಲ್ಲಗೆ ಮೇಲೇರಿ, ಮೇಲಿನ ಷಡ್ಜವನ್ನು ಮುಟ್ಟಿ ಅಲ್ಲೇ ನಿಂತಿತು. ಆ ಹೆಂಗಸು ಆ ಎತ್ತರದಲ್ಲಿ ಯಾರದೋ ಅಪ್ಪಣೆಗೆ ಕಾಯುವವಳಂತೆ ಇರಲಿಲ್ಲ, ಆರಾಮವಾಗಿದ್ದಳು. ನಾನು ಬೇಲಿ ಹಿಡಿದುಕೊಂಡು ನಿಂತೆ. ನನಗೆ ಮೋಸವಾಗಿದೆ ಅನ್ನಿಸಿತು. ಹಾಡಿನ ಒಳ್ಳೆಯ ಭಾಗವನ್ನೆಲ್ಲ ಯಾರೋ ಬಚ್ಚಿಟ್ಟುಕೊಂಡು ನಮಗೆ ಹೊಸಿಲನ್ನು ಮಾತ್ರ ತೋರಿಸಿದ್ದರು. ಒಂದು ಸಲ, ಒಂದೇ ಸಲ, ನಾನೂ ಅಲ್ಲಿಗೆ ಹೋಗಿ ನಿಲ್ಲಬೇಕು, ಅದನ್ನು ಇನ್ನೊಬ್ಬರು ಕೇಳಬೇಕು ಎಂದು ಹಟ ಹುಟ್ಟಿತು.

ಮುಂದಿನ ಶುಕ್ರವಾರ ಮೇಷ್ಟ್ರನ್ನು ಕೇಳಿದೆ, “ಎರಡನೇ ಚರಣ ಹೇಳಿಕೊಡಿ ಸಾ.”

ಅವರು ಹಾರ್ಮೋನಿಯಂ ಮುಚ್ಚಿದರು. “ಅದು ಮದುವೆ ಆದವರಿಗೆ” ಎಂದರು.

“ಅಕ್ಕಂಗೆ ಮದ್ವೆ ಆಗೋಯ್ತಲ್ಲ, ಅವ್ಳಿಗೆ ಹೇಳ್ಕೊಡಿ, ನಾ ಪಕ್ಕದಲ್ ಕೂತ್ಕತೀನಿ.”

“ಅಲ್ಲಿ ಧ್ವನಿ ಏರುತ್ತೆ ಅಮ್ಮಣ್ಣಿ. ಹೆಣ್ಣುಮಕ್ಕಳ ಧ್ವನಿ ಏರಬಾರದು. ನಮ್ಮ ತಂದೆಯವರೇ ಹೇಳಿದ್ದಾರೆ.”

ತಂದೆಯವರ ಹೆಸರು ಬಂದಾಗ ನನಗೆ ಅರ್ಥವಾಯಿತು. ಮೇಷ್ಟ್ರಿಗೆ ಎರಡನೇ ಚರಣ ಗೊತ್ತೇ ಇರಲಿಲ್ಲ. ಅವರ ತಂದೆ ಅವರಿಗೂ ಆರೇ ಪಾಠ ಹೇಳಿಕೊಟ್ಟಿದ್ದರು. ಎರಡು ತಲೆಮಾರಿನ ಸಂಗೀತ ವಿದ್ವಾಂಸರು ಒಂದೇ ಚರಣದ ಮೇಲೆ ಸಂಸಾರ ಸಾಗಿಸಿದ್ದರು. ನನಗೆ ಸಿಟ್ಟಿನ ಜೊತೆಗೆ ಸ್ವಲ್ಪ ಮರ್ಯಾದೆಯೂ ಹುಟ್ಟಿತು.

ಸಾಹಿತ್ಯ ಸಿಕ್ಕಿದ್ದು ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬಂದ ಅತ್ತೆ ತಂದಿದ್ದ ಭಜನೆ ಪುಸ್ತಕದಲ್ಲಿ. ರಾಗವನ್ನು ಪಾರ್ಕಿನ ಬೇಲಿ ಹಿಡಿದು ಇನ್ನೆರಡು ಸಲ ಕೇಳಿ ತಲೆಗೆ ತುಂಬಿಕೊಂಡೆ. ಉಳಿದದ್ದು ಗಂಟಲು. ನನ್ನ ಗಂಟಲು ಧೈವತದ ಹತ್ತಿರ ಹೋಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಭ್ಯಾಸ ಮಾಡೋಣವೆಂದರೆ ಮದುವೆಗೆ ಬಂದ ಹುಡುಗಿ ಮನೆಯಲ್ಲಿ ಬಾಯಿ ತೆರೆದು ಆ ಎಂದು ಅರಚುವುದುಂಟೇ? ಉಂಟು, ನೇಕಾರರ ಮನೆಯಲ್ಲಿ ಉಂಟು. ನಮ್ಮ ನಡುಮನೆಯಲ್ಲಿ ನಾಲ್ಕು ಕುಣಿ ಮಗ್ಗ. ಅಪ್ಪ, ಚಿಕ್ಕಪ್ಪ, ಕೂಲಿಯ ನೇಕಾರರು ಇಬ್ಬರು. ಬೆಳಿಗ್ಗೆ ಏಳರಿಂದ ನಾಲ್ಕೂ ಒಟ್ಟಿಗೆ ಬಡಿಯಲು ಶುರುವಾದರೆ ಪಕ್ಕದಲ್ಲಿ ಕೂತವರ ಮಾತು ತುಟಿ ನೋಡಿ ತಿಳಿಯಬೇಕು. ಆ ಸದ್ದಿನ ನಡುವೆ ಮೂಲೆಯಲ್ಲಿ ಕೂತು ರಾಟೆಯಲ್ಲಿ ಕಂಡಿಕೆಗೆ ರೇಷ್ಮೆ ಸುತ್ತುವುದು ನನ್ನ ಕೆಲಸ. ಅಲ್ಲಿ ನಾನು ಬಾಯಿ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಇದಕ್ಕಿಂತ ಒಳ್ಳೆಯ ಸಾಧನೆಯ ಕೋಣೆ ಮೈಸೂರಿನ ಅರಮನೆಯಲ್ಲೂ ಯಾರಿಗೂ ಸಿಕ್ಕಿರಲಾರದು ಎಂದುಕೊಂಡೆ.

ಮೊದಲ ವಾರ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವುದನ್ನೇ. ಮೇಲಿನ ಸ್ವರ ಎಟುಕುತ್ತಿಲ್ಲವೆಂದರೆ ಇನ್ನಷ್ಟು ಜೋರಾಗಿ ಕೂಗುವುದು. ಕತ್ತನ್ನು ಮೇಲೆತ್ತಿ, ನರ ಉಬ್ಬಿಸಿ, ಅಟ್ಟದ ಮೇಲಿನ ಡಬ್ಬಕ್ಕೆ ತುದಿಗಾಲಲ್ಲಿ ಕೈಚಾಚಿದವಳಂತೆ ಕೂಗಿದೆ. ಎಂಟನೆಯ ದಿನ ಗಂಟಲು ಪೂರ್ತಿ ನಿಂತುಹೋಯಿತು. ಅಮ್ಮ ಗಾಬರಿಯಾಗಿ ಬೀದಿಗೆಲ್ಲ ಸುದ್ದಿ ಕೊಟ್ಟಳು. ನಮ್ಮ ಬೀದಿಯಲ್ಲಿ ಹಾಡಲು ಬಾರದವರೆಲ್ಲರಿಗೂ ಗಂಟಲಿನ ವೈದ್ಯ ಬರುತ್ತಿತ್ತು. ಒಬ್ಬರು ಜ್ಯೇಷ್ಠಮಧು ತಂದರು, ಒಬ್ಬರು ಮೆಣಸು ಕಲ್ಲುಸಕ್ಕರೆ, ಇನ್ನೊಬ್ಬರು ಬೆಳ್ಳುಳ್ಳಿ ಸುಟ್ಟು ತಿನ್ನಿಸಿದರು. ಮೇಷ್ಟ್ರು ವಿಷಯ ತಿಳಿದು, ಕುತ್ತಿಗೆವರೆಗೆ ಹೊಳೆಯ ನೀರಿನಲ್ಲಿ ನಿಂತು ಷಡ್ಜ ಹಿಡಿಯಬೇಕು, ದೊಡ್ಡ ದೊಡ್ಡವರೆಲ್ಲ ಹಾಗೇ ಮಾಡಿದ್ದು ಎಂದರು. “ನೀವ್ ನಿಂತಿದ್ರಾ ಸಾ?” ಎಂದು ಅಮ್ಮ ಕೇಳಿದಳು. ತಮಗೆ ನೆಗಡಿಯ ಮೈ ಎಂದರು.

ಸರಿಯಾದ ಮಾತು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ನನ್ನ ರಾಟೆಗೆ ಹತ್ತಿರದ ಮಗ್ಗ ಮಾರ್ಟಳ್ಳಿಯ ಕಡೆಯ ನೇಕಾರರದು. ಐವತ್ತು ದಾಟಿದವರು, ಅರ್ಧ ತಮಿಳು ಅರ್ಧ ಕನ್ನಡ ಮಾತಾಡುವವರು. ನನ್ನ ಕೂಗು ಬೇರೆ ಯಾರಿಗೂ ಕೇಳಿಸದಿದ್ದರೂ ಅವರಿಗೆ ಕೇಳಿಸುತ್ತಿತ್ತು. ಪಾಪ, ಎಂಟು ದಿನ ತಡೆದುಕೊಂಡಿದ್ದರು. ಊಟದ ಹೊತ್ತಿಗೆ ಮಗ್ಗಗಳು ನಿಂತಾಗ ನನ್ನ ಹತ್ತಿರ ಬಂದು, ತಮಿಳರು ಮಕ್ಕಳನ್ನು ಮುದ್ದಿಗೆ ಕರೆಯುವಂತೆ “ಕಣ್ಣು, ಗಂಟ್ಲಲ್ಲಿ ಕೂಗ್ಬ್ಯಾಡ, ವಯಿರಲ್ಲಿ ಕೂಗು” ಎಂದು ತಮ್ಮ ಹೊಟ್ಟೆಯನ್ನು ತಟ್ಟಿ ತೋರಿಸಿದರು. “ನಾನ್ ಚಿಕ್ಕೋನಾಗಿದ್ದಾಗ ಗುಡ್ಡದ್ ಮ್ಯಾಲಿಂದ ಮೇಕೆ ಕೂಗ್ತಿದ್ದೆ. ದಿನಾ ಕೂಗುದ್ರೂ ಗಂಟ್ಲು ನೋಯ್ನಿಲ್ಲ. ಗಂಟ್ಲು ಬರೀ ಬಾಗ್ಲು, ಕಣ್ಣು. ಬಾಗ್ಲುನ್ ಯಾಕೆ ಹೊಡ್ದು ಸಾಯ್ತೀಯ?”

ಮೇಕೆ ಕಾಯುವವರಿಗೆ ತಿಳಿದದ್ದು ರಕ್ತದಲ್ಲಿ ಮೈಸೂರು ಇದ್ದವರಿಗೆ ತಿಳಿದಿರಲಿಲ್ಲ. ನೇಕಾರರು ಹೇಳಿಕೊಟ್ಟಂತೆ ನಾನು ಒಳಕೋಣೆಯಲ್ಲಿ ಅಂಗಾತ ಮಲಗಿ, ಕಂಡಿಕೆಯ ಬುಟ್ಟಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಉಸಿರೆಳೆದಾಗ ಬುಟ್ಟಿ ಏಳುವುದನ್ನೂ ಬಿಟ್ಟಾಗ ಇಳಿಯುವುದನ್ನೂ ನೋಡುತ್ತಿದ್ದೆ. ಇಳಿಯುವುದು ನಿಧಾನವಾಗಬೇಕು, ಅಷ್ಟೇ ಪಾಠ. ಅಮ್ಮ ಒಂದು ದಿನ ನೋಡಿ ಹೊಟ್ಟೆನೋವೆಂದುಕೊಂಡು ಓಂಕಾಳಿನ ಕಷಾಯ ಕುಡಿಸಿದಳು. ಕುಡಿದೆ. ಆಮೇಲೆ ಹಾರ್ಮೋನಿಯಂ ಇಲ್ಲದ ಕಾರಣ ನನ್ನದೇ ಷಡ್ಜ ಹುಡುಕಿಕೊಂಡೆ. ನಾನು ಮಾತಾಡುವ ಧ್ವನಿಯ ಪಕ್ಕದಲ್ಲೇ, ಮೇಷ್ಟ್ರು ಹಿಡಿಸುತ್ತಿದ್ದ ಜಾಗಕ್ಕಿಂತ ಬಹಳ ಕೆಳಗೆ ಅದು ಸುಮ್ಮನೆ ಕೂತಿತ್ತು. ಅಲ್ಲಿಂದ ಹೊರಟರೆ ಧೈವತ ಅಂಥ ದೂರವೇನೂ ಆಗಿರಲಿಲ್ಲ. ಗಂಟಲು ಬಿಗಿಯಾದ ಕಡೆ ತಳ್ಳುತ್ತಿರಲಿಲ್ಲ, ಒಂದು ಸ್ವರ ಕೆಳಗಿಳಿದು, ಆಕಳಿಸುವಾಗ ತೆರೆದಷ್ಟು ಬಾಯಿ ತೆರೆದು ಮತ್ತೆ ಹತ್ತುತ್ತಿದ್ದೆ. ನಿಷಾದಕ್ಕೆ ಒಂದು ತಿಂಗಳು ಬೇಕಾಯಿತು. ಮೇಲಿನ ಷಡ್ಜಕ್ಕೆ ಇನ್ನೆರಡು. ಅದು ಬಂದ ದಿನ ಯಾವ ಸದ್ದೂ ಗದ್ದಲವೂ ಇಲ್ಲದೆ, ಇಷ್ಟು ದಿನ ಅಲ್ಲೇ ಇದ್ದದ್ದರಂತೆ ಬಂತು. ಮಾರ್ಟಳ್ಳಿಯ ನೇಕಾರರು ಲಾಳಿ ಹಿಡಿದ ಕೈ ನಿಲ್ಲಿಸಿ ನನ್ನ ಕಡೆ ನೋಡಿ ತಲೆ ಆಡಿಸಿದರು. ನನಗೆ ಅಳು ಬಂತು.

ಆದರೆ ನಾವಿಬ್ಬರೂ ಒಂದು ವಿಷಯ ಯೋಚಿಸಿರಲಿಲ್ಲ. ನಾಲ್ಕು ಮಗ್ಗದ ಸದ್ದಿನಲ್ಲಿ ನನ್ನ ಧ್ವನಿ ನನಗೆ ಕೇಳಿಸಬೇಕಾದರೆ ಎಷ್ಟು ದೊಡ್ಡದಾಗಿರಬೇಕೋ ಅಷ್ಟು ದೊಡ್ಡದಾಗಿ ಅದು ಬೆಳೆದಿತ್ತು. ಅದಕ್ಕಿಂತ ಸಣ್ಣದಾಗಿ ಮೇಲೇರುವುದು ನನಗೆ ಗೊತ್ತೇ ಇರಲಿಲ್ಲ. ಮಗ್ಗಗಳು ನಿಂತ ಮನೆಯಲ್ಲಿ ಎರಡನೇ ಚರಣವನ್ನು ನಾನು ಒಮ್ಮೆಯೂ ಹಾಡಿರಲಿಲ್ಲ. ಗುಡ್ಡದ ಮೇಲೆ ಮೇಕೆ ಕೂಗುವವರು ಗುರುವಾದರೆ ಏನಾಗುತ್ತದೆ ಎನ್ನುವುದು ನಮಗೆ ಆಮೇಲೆ ತಿಳಿಯಿತು.

ಅರವತ್ತೆರಡೋ ಅರವತ್ತಮೂರೋ ಇರಬೇಕು, ಹನೂರಿನಿಂದ ನನ್ನನ್ನು ನೋಡಲು ಬಂದರು. ನಮ್ಮವರೇ, ಆದರೆ ಮಗ್ಗ ಬಿಟ್ಟು ಎರಡು ತಲೆಮಾರಾದ ಮನೆ. ಹುಡುಗನಿಗೆ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಜಾತಕ ಮೊದಲೇ ಕೂಡಿತ್ತು. ಅಪ್ಪ ಗೌರವಕ್ಕೆಂದು ಅವತ್ತು ನಾಲ್ಕೂ ಮಗ್ಗ ನಿಲ್ಲಿಸಿ ಮೇಲೆ ಬಟ್ಟೆ ಹೊದಿಸಿದ್ದರು. ಹುಡುಗ, ಅವನ ಅಪ್ಪ, ಅಮ್ಮ, ಚಿಕ್ಕಪ್ಪ ಸಾಲಾಗಿ ಕೂತರು. ಹುಡುಗನ ಅಮ್ಮ ಉಪ್ಪಿಟ್ಟು ಪೂರ್ತಿ ತಿನ್ನದೆ ನನ್ನನ್ನೇ ನೋಡುತ್ತಿದ್ದರು. ಯಳಂದೂರಿನಲ್ಲಿ ಹುಟ್ಟಿ ಹನೂರಿಗೆ ಮದುವೆಯಾಗಿ ಬಂದವರು ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಬಾಗಿಲ ಹತ್ತಿರ ನಮ್ಮ ಮಾವ ಎರಡು ಎಲೆ ಹೆಚ್ಚಾಗಿಯೇ ಹಾಕಿಕೊಂಡು ತನ್ನ ಜಾಗದಲ್ಲಿ ಕೂತಿದ್ದ.

ಹಾಡು ಶುರು ಮಾಡಿದೆ. ಮೇಷ್ಟ್ರ ಮರ್ಯಾದೆ ಉಳಿಸಲು ಪಲ್ಲವಿಯನ್ನೂ ಮೊದಲ ಚರಣವನ್ನೂ ಬಾಯಿ ಮುಚ್ಚಿಕೊಂಡೇ ಹೇಳಿದೆ. ಚರಣ ಮುಗಿಯಿತು. ಗಂಡಿನ ಕಡೆಯ ಗಂಡಸರು ನೀನು ಅನ್ನು, ನೀನು ಅನ್ನು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಕೆಮ್ಮಲು ಹೋದ. ಬಾಯಿ ತುಂಬ ಎಲೆಯಡಿಕೆಯ ರಸ. ಮಾತಾಡಿದರೆ ಬೀಗರ ಬಿಳಿ ಪಂಚೆಯ ಮೇಲೆ ಬೀಳುತ್ತದೆ. ಉಗಿದು ಬರಲು ಎದ್ದು ಓಡಿದ. ಆ ಸಣ್ಣ ಬಿಡುವಿನಲ್ಲಿ ಹುಡುಗನ ಅಮ್ಮ ಮುಂದಕ್ಕೆ ಬಾಗಿ, “ಮುಂದ್ಕೆ ಯೋಳವ್ವ” ಎಂದರು.

ಯಾವ ಗಂಡಿನ ತಾಯಿಯೂ ನಮ್ಮ ಬೀದಿಯಲ್ಲಿ ಆ ಮಾತು ಆಡಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಿನಿಂದ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು. ಮುಂದೆ ಬರುವುದಿಲ್ಲ ಎಂದು ನಾಚಿಕೊಂಡು ಎದ್ದುಬಿಟ್ಟರೆ ಮದುವೆ ನಿಶ್ಚಯ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಡಿದರೆ ಏನಾಗುತ್ತದೋ ಗೊತ್ತಿರಲಿಲ್ಲ. ಆದರೆ ಮುಂದೆ ಹೇಳು ಎಂದು ನನ್ನನ್ನು ಇನ್ನೊಂದು ಸಲ ಯಾರು ಕೇಳುತ್ತಾರೆ? ಹೊಟ್ಟೆಯ ತುಂಬ ಉಸಿರೆಳೆದುಕೊಂಡೆ, ನೆರಿಗೆ ಎಲ್ಲ ಅಲುಗಿತು.

ಎರಡನೇ ಚರಣದ ಮೊದಲ ಸಾಲಿಗೇ ಹುಡುಗನ ಚಿಕ್ಕಪ್ಪ ಕಾಫಿಯ ಲೋಟವನ್ನು ಕೆಳಗಿಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಮೇಲಿನ ಷಡ್ಜ ಮುಟ್ಟಿದಾಗ ಅಟ್ಟದ ಮೇಲಿನ ತಾಮ್ರದ ಹಂಡೆ ಸದ್ದು ಮಾಡಿತು. ಎದುರು ಮನೆಯವರು ಏನೋ ಅನಾಹುತವೆಂದು ಜಗುಲಿಗೆ ಬಂದರು. ಬಾಯಿ ಖಾಲಿ ಮಾಡಿಕೊಂಡು ಬಂದ ಮಾವ ಬಾಗಿಲಲ್ಲಿ ನಿಂತು ಸಾಕು ಸಾಕು ಎಂದು ಮೂರು ಸಲ ಕೂಗಿದನಂತೆ, ಯಾರಿಗೂ ಕೇಳಿಸಲಿಲ್ಲ. ನನ್ನನ್ನು ಮದುವೆಯಾಗಬೇಕಿದ್ದ ಗುಮಾಸ್ತೆ ಮಹಾಶಯ ಹಾಡು ಮುಗಿಯುವವರೆಗೂ ತೊಲೆ ನೋಡುತ್ತ ಕೂತಿದ್ದ. ನಾನು ಯಾರನ್ನೂ ಲಕ್ಷ್ಯ ಮಾಡಲಿಲ್ಲ. ಪಾರ್ಕಿನ ರೇಡಿಯೋದ ಹೆಂಗಸು ನಿಂತ ಜಾಗದಲ್ಲಿ ನಾನೂ ನಿಂತಿದ್ದೆ, ಬೇಕಾದಷ್ಟು ಹೊತ್ತು ನಿಂತೆ, ಆಮೇಲೆ ನಾನೇ ಇಳಿದೆ. ಅಷ್ಟು ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ, ಅದು ಹೋಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಹುಡುಗನ ಅಪ್ಪ “ಬಸ್ಸಿಗೆ ಹೊತ್ತಾಯ್ತು” ಎಂದು ಎದ್ದರು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಮೂರನೆಯ ದಿನ, ಕೂಡಿದ್ದ ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ಗಂಟಲು ದೊಡ್ಡದು, ನಾಳೆ ಅತ್ತೆಯ ಮೇಲೆ ಎತ್ತಿದರೆ ಏನು ಗತಿ ಎಂದು ಮಾತಾಡಿಕೊಂಡದ್ದು ಕಾಮಗೆರೆಯ ನೆಂಟರಿಂದ ಬೇರೆಯಾಗಿ ಬಂದು ತಲುಪಿತು. ಅಮ್ಮ ನಾಲ್ಕು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮಾವ ಇದಕ್ಕೆಲ್ಲ ಎಲೆಯಡಿಕೆಯೇ ಕಾರಣವೆಂದು ಒಪ್ಪದೆ, ಮೇಷ್ಟ್ರ ಮೇಲೆ ಹಾಕಿದ. ಮೇಷ್ಟ್ರು ಬಂದು, ಆ ಎರಡನೇ ಚರಣ ತಮ್ಮ ಪಾಠದ್ದಲ್ಲ ಎಂದು ಬೀದಿಯ ನಾಲ್ಕು ಮನೆಯಲ್ಲಿ ಪ್ರಮಾಣ ಮಾಡಿದರು. ಜೀವನದಲ್ಲಿ ಅವರು ಸಂಗೀತದ ಬಗ್ಗೆ ಹೇಳಿದ ಒಂದೇ ನಿಜ ಅದು. ಅಪ್ಪ ಮಾತ್ರ ನನ್ನನ್ನು ಬಯ್ಯಲಿಲ್ಲ, ಹೊಗಳಲೂ ಇಲ್ಲ. ನನಗೆ ಅವಮಾನವಾಗಿತ್ತು. ಆ ಗುಮಾಸ್ತೆ ಬೇಕಿತ್ತೆಂದಲ್ಲ. ಪೂರ್ತಿ ಹಾಡಿದ್ದಕ್ಕೆ ಬೇಡವಾದೆನಲ್ಲ ಎಂದು.

ಐದಾರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ನಾಲ್ಕೂ ಮಗ್ಗ ಬಡಿಯುತ್ತಿರುವಾಗ ಬಾಗಿಲಲ್ಲಿ ಆ ಹನೂರಿನ ಹೆಂಗಸು ಒಬ್ಬರೇ ನಿಂತಿದ್ದರು. ಮಗನಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ, ಧಾರೆಯ ಸೀರೆ ನೋಡಬೇಕು ಎಂದು ಅಪ್ಪನಿಗೆ ಹೇಳಿದರು. ಹನೂರಿನಿಂದ ಬರುವವರಿಗೆ ಊರಿನಲ್ಲಿ ನೂರು ನೇಕಾರರ ಮನೆ ಇತ್ತು. ನಮ್ಮ ಮನೆಯನ್ನೇ ಹುಡುಕಿಕೊಂಡು ಬಂದು, ನಮ್ಮನ್ನು ಬೇಡವೆಂದು ಮಾಡುವ ಮದುವೆಗೆ ನಮ್ಮಿಂದಲೇ ಸೀರೆ ಕೊಳ್ಳುವ ಧೈರ್ಯಕ್ಕೆ ನನಗೆ ಮೈಯೆಲ್ಲ ಉರಿಯಿತು. ಅಪ್ಪ ವ್ಯಾಪಾರಸ್ಥರು, ಸೀರೆ ಬಿಚ್ಚಿ ಹಾಸಿದರು. ಆಕೆ ಒಂದನ್ನೂ ಸರಿಯಾಗಿ ನೋಡಲಿಲ್ಲ. ಕೊನೆಗೆ, ಅಂಚನ್ನು ಬೆಳಕಿನಲ್ಲಿ ನೋಡಬೇಕೆಂದು ನೆಪ ಹೇಳಿ ಸೀರೆ ಹಿಡಿದುಕೊಂಡು ನನ್ನ ರಾಟೆಯ ಹತ್ತಿರ ಬಂದು ಕೂತರು. ಅಲ್ಲಿ ಬೆಳಕೇ ಬರುತ್ತಿರಲಿಲ್ಲ.

ನನ್ನ ಕಿವಿಗೆ ಬಾಯಿ ತಂದು, “ಆ ಎಲ್ಡ್ನೇ ಚರ್ಣ ನಂಗ್ ಯೋಳ್ಕೊಡವ್ವ” ಎಂದರು.

ನಾನು ರಾಟೆಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

“ನಂಗೂ ಅದೇ ಹಾಡು ಕಣವ್ವ. ಯಳಂದೂರಲ್ಲಿ ನಿಮ್ ಮೇಷ್ಟ್ರ ಅಪ್ಪ ಯೋಳ್ಕೊಟ್ಟಿದ್ದು. ಮೊದುಲ್ನೇ ಚರ್ಣಕ್ಕೇ ಸಾಕು ಅಂದ್ರು. ಮುಂದ್ಕೆ ಏನದೆ ಅಂತ ಇಪ್ಪತ್ತೈದು ವರ್ಸ ಒಲೆ ಮುಂದೆ ಕೂತ್ಕಂಡು ಯೋಚ್ನೆ ಮಾಡಿವ್ನಿ.”

ನಾನು ಕರಗಿದೆ ಎಂದು ಹೇಳಲಾರೆ. ಸಿಟ್ಟು ಹಾಗೇ ಇತ್ತು. ಆದರೆ ಮನೆತುಂಬ ಜನರಿರುವಾಗ ಇಂಥದೊಂದನ್ನು ಕದ್ದು ಕೇಳಲು ಬಸ್ಸು ಹತ್ತಿ ಬಂದವರನ್ನು ನಾನು ಬೇರೆ ಕಂಡಿರಲಿಲ್ಲ. ಮಗ್ಗಗಳು ಬಡಿಯುತ್ತಿದ್ದವು. ಶುರು ಮಾಡಿಸಿದೆ. ನನ್ನ ಮೊದಲ ಶಿಷ್ಯೆಗೆ ನಲವತ್ತರ ಮೇಲೆ ವಯಸ್ಸು, ಐದು ಸ್ವರದ ಧ್ವನಿ. ಬಾಯಿ ತೆರೆಯಿರಿ ಎಂದರೆ ಸೆರಗು ಅಡ್ಡ ಹಿಡಿದರು. “ಹಲ್ ಕಾಣ್ತವೆ” ಎಂದರು. “ಕಾಣ್ಲಿ, ಇಲ್ಲಿ ಯಾರೂ ನಿಮ್ಮುನ್ನ ನೋಡಕ್ ಬಂದಿಲ್ಲ” ಎಂದೆ. ಅದು ಚುಚ್ಚಬೇಕೆಂದೇ ಹೇಳಿದ ಮಾತು, ಚುಚ್ಚಿತು. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ತೋರಿಸಿದೆ. ಗಂಟಲು ಬಿಗಿದಾಗ ಕೆಳಗಿಳಿಸಿದೆ. ಪಂಚಮದವರೆಗೆ ಬಂದರು, ಧೈವತದಲ್ಲಿ ಧ್ವನಿ ಒಡೆಯಿತು. ಅವರಿಗೆ ನಗು ಬಂತು. ಮತ್ತೆ ಹತ್ತಿದರು, ಮತ್ತೆ ಒಡೆಯಿತು. ಅಪ್ಪ ಮಗ್ಗದಿಂದ ಒಮ್ಮೆ ತಿರುಗಿ ನೋಡಿ ಮತ್ತೆ ಲಾಳಿ ಎಳೆದರು. ಆಕೆಗೆ ಒಂದೇ ಬೆಳಿಗ್ಗೆಯಲ್ಲಿ ಮೇಲಿನ ಷಡ್ಜ ಬರಲಿಲ್ಲ, ಬರುವುದೂ ಇಲ್ಲ. ಆದರೆ ಸಾಹಿತ್ಯ ಪೂರ್ತಿ ಬಂತು, ರಾಗದ ದಾರಿ ತಿಳಿಯಿತು.

ಊಟಕ್ಕೆ ಮಗ್ಗಗಳು ನಿಲ್ಲುವ ಮೊದಲು ನಾನು ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ. “ಮುಂದ್ಕೆ ಯೋಳು ಅಂದೋರು ನೀವೇ. ಯೋಳಿದ್ಕೆ ಬ್ಯಾಡ ಅಂದೋರು ಯಾರು?”

“ನಾನೇ” ಎಂದರು. ಸೀರೆಯನ್ನು ಮಡಿಸುತ್ತಿದ್ದರು. “ಗಂಡುಸ್ರು ಒಪ್ಕಂಡಿದ್ರು. ದೊಡ್ಡ ಗಂಟ್ಲಾದ್ರೂ ಪರ್ವಾಗಿಲ್ಲ, ಬಂದ್ಮೇಲೆ ಸರಿ ಮಾಡ್ಕಬೋದು ಅಂದ್ರು. ಸರಿ ಮಾಡೋರು ಯಾರವ್ವ? ಅತ್ತೆ ಅಲ್ವಾ? ದಿನಾ ಬೆಳಿಗ್ಗೆ ಬಾಯ್ ಮುಚ್ಚೇ ಅಂತ ನಿಂಗೆ ನಾನೇ ಅನ್ಬೇಕಾಗಿತ್ತು. ಆಮೇಲೆ ಯಾವ್ ಮೊಕ ಇಟ್ಕಂಡು ಯೋಳ್ಕೊಡು ಅಂತಿದ್ದೆ?”

ನನ್ನನ್ನು ಉಳಿಸಿದ್ದಾರೋ, ತಮ್ಮ ಆಸೆಗೆ ಮೀಸಲಿಟ್ಟುಕೊಂಡಿದ್ದಾರೋ, ಎರಡರಲ್ಲಿ ಯಾವುದೆಂದು ಆ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಎರಡೂ ಇರಬಹುದು ಎಂದು ಈಗ ಅನ್ನಿಸುತ್ತದೆ.

“ಈಗ ಬರೋ ಸೊಸೆ ಹಾಡ್ತಾಳಾ?” ಎಂದೆ.

“ಹಾಡುದ್ಲು. ಅದೇ ಹಾಡು. ಸಣ್ಣ ಕೂಸು, ಮೊದುಲ್ನೇ ಚರ್ಣ ಮುಗುಸಿ ನನ್ ಮೊಕ ನೋಡುದ್ಲು.”

“ನೀವೇನಂದ್ರಿ?”

ಆಕೆ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದರು. ಮೇಲಿನ ಷಡ್ಜಕ್ಕೆ ಬೆಳಗಿನಿಂದ ಒದ್ದಾಡಿದ ಧ್ವನಿ, ಯಾರೂ ಹೇಳಿಕೊಡದೆ ತಾನಾಗಿಯೇ ಕೆಳಗಿಳಿಯಿತು.

“ಸಾಕು ಬುಡವ್ವ ಅಂದೆ.”